ಹಾಸು ಮೊದಲು, ಹೊಕ್ಕು ಆಮೇಲೆ

(ಪಾಡ್‌ಕಾಸ್ಟ್‌ನಲ್ಲಿ ಆಡಿದ ಮಾತಿನ ಬರಹರೂಪ)

 

ಇವತ್ತು ನಮಗೆಲ್ಲ ಬಾಯಿಪಾಠ ಆಗಿರೋ ಒಂದು ಮಾತು ತೊಗೊಳ್ಳೋಣ. ದೇವರಿಗೆ ಮೊದಲ ಸ್ಥಾನ. ಸಂಡೇ ಸ್ಕೂಲಿನಿಂದ ಇದನ್ನ ಕೇಳ್ತಾ ಬಂದೀವಿ. ಸ್ಟೇಟಸ್ ಹಾಕೀವಿ, ಕೆಲವರು ಬೈಕಿನ ಮೇಲೂ ಬರೆಸ್ಯಾರ. ಆದರೆ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ, ನಳದ ನೀರು ಬಂದಿರುವಾಗ, ಬಸ್ಸಿಗೆ ಹೊತ್ತಾಗಿರುವಾಗ, ಮೊಬೈಲ್ ಒಂದೇ ಸಮನೆ ಟಿಣ್ ಟಿಣ್ ಅನ್ನುತ್ತಿರುವಾಗ, ಈ ಮಾತಿನ ಅರ್ಥ ಏನು? ಅದನ್ನು ಯಾರೂ ಬಿಡಿಸಿ ಹೇಳೋದಿಲ್ಲ.

ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯ ನೋಡ್ರಿ. ಅಲ್ಲಿ ಯೇಸುಸ್ವಾಮಿ ಮಾತಾಡಿದ್ದು ಉಣ್ಣೋದು ಏನು, ಉಡೋದು ಏನು ಅನ್ನೋ ಚಿಂತೆ ಇದ್ದ ಜನರ ಹತ್ತಿರ. ದೇವರ ರಾಜ್ಯವನ್ನು ಮೊದಲು ಹುಡುಕಬೇಕು ಅಂತ ಅವರಿಗೆ ಕಲಿಸಿದರು. ನನಗೆ ಅಲ್ಲಿ ಮುಖ್ಯ ಅನಿಸೋದು 'ಮೊದಲು' ಅನ್ನೋ ಪದ. ಮೊದಲನೇದು ಇದೆ ಅಂದರೆ ಎರಡನೇದು, ಮೂರನೇದು ಇದ್ದೇ ಇರುತ್ತವೆ. ಅಂದರೆ ಕೆಲಸ, ಓದು, ಮನೆ, ಸಾಲ ಇವನ್ನೆಲ್ಲ ಬಿಟ್ಟು ಬನ್ನಿ ಅಂತ ಆತ ಅಲ್ಲಿ ಹೇಳಲಿಲ್ಲ. ಅವುಗಳನ್ನು ಯಾವುದರ ಹಿಂದೆ ಇಡಬೇಕು ಅಂತ ಹೇಳಿದರು.

ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಇದು ಇನ್ನೂ ಸ್ವಲ್ಪ ಕಷ್ಟ. ಇಲ್ಲಿ ಕ್ರೈಸ್ತರು ಬಹಳ ಕಡಿಮೆ. ಮಂಗಳೂರಿನ ಹಾಗೆ ಓಣಿ ತಿರುಗಿದರೆ ಒಂದು ಚರ್ಚ್ ಕಾಣೋದಿಲ್ಲ. ಬಸ್ ಹತ್ತಿ ದೂರದ ಹಳ್ಳಿಯಿಂದ ಆರಾಧನೆಗೆ ಬರೋ ಕುಟುಂಬಗಳಿವೆ. ಭಾನುವಾರ ಅಂದ ತಕ್ಷಣ ಪೇಟೆ ಮುಚ್ಚೋದಿಲ್ಲ, ಸ್ಪರ್ಧಾತ್ಮಕ ಪರೀಕ್ಷೆಗಳು ನಡೆಯೋದೇ ಹೆಚ್ಚಾಗಿ ಭಾನುವಾರ. ಕ್ಲಾಸಿನಲ್ಲಿ, ಆಫೀಸಿನಲ್ಲಿ ನೀವೊಬ್ಬರೇ ಕ್ರೈಸ್ತರಿರಬಹುದು. "ಇವತ್ತು ಪ್ರಾರ್ಥನೆ ಮಾಡಿದಿಯೇನೋ?" ಅಂತ ಕೇಳೋರು ಇರೋದಿಲ್ಲ. ಮಠದ ಗಂಟೆ ಕೇಳ್ತೀವಿ, ಅಜಾನ್ ಕೇಳ್ತೀವಿ. ನೆರೆಯವರು ಅವರವರ ಹೊತ್ತಿಗೆ ಎದ್ದು ಅವರವರ ಭಕ್ತಿ ಮಾಡ್ತಾರೆ. ನಮ್ಮನ್ನು ಎಬ್ಬಿಸೋ ಗಂಟೆ ನಮ್ಮೊಳಗೇ ಇರಬೇಕು.

ಅದು ಹೇಗೆ ಸದ್ದಡಗುತ್ತದೆ ಅನ್ನೋದನ್ನ ಬಾಗಲಕೋಟೆಯವರಿಗೆ ಹೇಳೋದು ಸುಲಭ. ನಿಮಗೆ 'ಮುಳುಗಡೆ' ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿ ಜಲಾಶಯದಿಂದಾಗಿ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಿದವು, ಮನೆಗಳು ನವನಗರದ ಸೆಕ್ಟರ್‌ಗಳಿಗೆ ಬಂದವು. ಆ ನೀರು ಹೊಳಿ ಉಕ್ಕಿ ಒಂದೇ ರಾತ್ರಿ ನುಗ್ಗಿದ್ದಲ್ಲ. ಅದು ಹಿನ್ನೀರು. ಸದ್ದಿಲ್ಲದೆ ಏರೋ ನೀರು. ನಿನ್ನೆ ಆ ಕಲ್ಲಿನ ತನಕ ಇತ್ತು, ಇವತ್ತು ಈ ಮೆಟ್ಟಿಲ ತನಕ ಬಂತು.

ನಮ್ಮ ಭಕ್ತಿಜೀವನ ಮುಳುಗೋದೂ ಹಾಗೇ. "ಇನ್ನು ಮುಂದೆ ನನಗೆ ದೇವರು ಬೇಡ" ಅಂತ ಎದ್ದು ನಿಂತು ಹೇಳಿದವರನ್ನ ನಾನು ಬಹಳ ಕಂಡಿಲ್ಲ. ಕಂಡಿರೋದು ಇಂಥವರನ್ನ: ಬೆಳಿಗ್ಗೆ ಎದ್ದು ಸತ್ಯವೇದ ಓದೋಣ ಅಂತ ಫೋನ್ ತೆಗೀತಾರೆ. ಆ್ಯಪ್ ತೆರೆಯೋದರೊಳಗೆ ಒಂದು ಮೆಸೇಜು. ಮೆಸೇಜಿನಲ್ಲಿ ಒಂದು ರೀಲು. ರೀಲು ಮುಗಿಯೋದರೊಳಗೆ ಮತ್ತೊಂದು. ನಲವತ್ತು ನಿಮಿಷ ಆಗಿರುತ್ತೆ, ಅವ್ವ ಕೂಗ್ತಿರ್ತಾಳೆ, ಬಸ್ ಬಂದಿರುತ್ತೆ. ಯಾವ ಪಾಪವನ್ನೂ ಮಾಡಲಿಲ್ಲ. ಆದರೆ ನೀರು ಒಂದು ಮೆಟ್ಟಿಲು ಏರಿತು.

ನೆನಪಿಡ್ರಿ, ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ಶ್ರಮದಿಂದ ಸತ್ಯವೇದ ಕನ್ನಡಕ್ಕೆ ಬಂದು ಹತ್ತಿರ ಹತ್ತಿರ 200 ವರ್ಷ. ಆಗ ಒಂದು ಪ್ರತಿ ಕೈಗೆ ಸಿಗೋದೇ ದೊಡ್ಡ ಮಾತು. ಈಗ ಅದು ಎಲ್ಲರ ಜೇಬಿನಲ್ಲಿದೆ. ಆದರೆ ಕ್ರಿಕೆಟ್ ಸ್ಕೋರಿಗೂ ಕೀರ್ತನೆಗೂ ನಡುವೆ ಇರೋದು ಹೆಬ್ಬೆರಳಿನ ಒಂದು ಸರಿಸುವಿಕೆ ಅಷ್ಟೇ. ಇಷ್ಟು ಹತ್ತಿರ ಯಾವ ತಲೆಮಾರಿಗೂ ಇರಲಿಲ್ಲ, ಇಷ್ಟು ಪೈಪೋಟಿಯೂ ಇರಲಿಲ್ಲ.

ಯೇಸು ಹೇಳಿದ ಬಿತ್ತುವವನ ಸಾಮ್ಯ ನಿಮಗೆ ಗೊತ್ತು. ಹುನಗುಂದದ ಕಡೆ ಎರಿ ಹೊಲ ಇರೋರಿಗೆ ಇನ್ನೂ ಚೆನ್ನಾಗಿ ಗೊತ್ತು. ದಾರಿಯಲ್ಲಿ ಬಿದ್ದ ಬೀಜ ಹಕ್ಕಿ ಪಾಲು, ಕಲ್ಲಿನ ಮೇಲೆ ಬಿದ್ದದ್ದು ಬಿಸಿಲಿನ ಪಾಲು. ಆದರೆ ಮೂರನೇದು, ಮುಳ್ಳಿನ ನಡುವೆ ಬಿದ್ದದ್ದು, ಹುಟ್ಟುತ್ತೆ. ಬೆಳೆಯುತ್ತೆ ಕೂಡ. ಹೊಲ ಒಳ್ಳೇದೇ, ಬೀಜ ಒಳ್ಳೇದೇ, ಹಸಿನೂ ಇದೆ. ತೆನೆ ಮಾತ್ರ ಕಟ್ಟೋದಿಲ್ಲ. ಯಾಕಂದ್ರೆ ಜಾಗ ಇಲ್ಲ. ಆ ಮುಳ್ಳುಗಳು ಏನು ಅಂತ ಯೇಸುವೇ ಬಿಡಿಸಿ ಹೇಳ್ತಾರೆ: ಬದುಕಿನ ಚಿಂತೆ, ಹಣದ ಮೋಸ, ಬೇರೆ ಬೇರೆ ಆಸೆಗಳು. ಇದು ಸಭೆ ಬಿಟ್ಟು ಹೋದವರ ಕಥೆ ಅಲ್ಲ ನೋಡ್ರಿ. ಪ್ರತಿ ಭಾನುವಾರ ಬಂದು ಕೂಡ್ತಾ, ತೆನೆ ಕಟ್ಟದೇ ಉಳಿದವರ ಕಥೆ. ಎಡೆ ಹೊಡೆಯದ ಜೋಳದ ಹೊಲ ದೂರದಿಂದ ಹಸಿರಾಗೇ ಕಾಣುತ್ತೆ.

ಹಾಗಾದರೆ ಏನು ಮಾಡೋದು? ಇಲ್ಲಿ ನಮ್ಮ ಊರುಗಳ ಒಂದು ಕಸುಬೇ ನಮಗೆ ದಾರಿ ತೋರಿಸುತ್ತೆ ಅಂತ ನನಗನಿಸುತ್ತೆ.

ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಆಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಆಗಿ 1851ರಲ್ಲಿ ನಮ್ಮ ಗುಳೇದಗುಡ್ಡದಲ್ಲಿ ಒಂದು ಕೇಂದ್ರ ತೆರೆದರು. ಗುಳೇದಗುಡ್ಡ ಈಗ ಬೇರೆ ತಾಲೂಕು, ಮೊದಲು ಬಾದಾಮಿ ತಾಲೂಕಿನಲ್ಲೇ ಇತ್ತು. ಅದು ನೇಕಾರರ ಊರು, ಖಣದ ಊರು. ಮುಂದೆ 1876ರಿಂದ 78ರ ತನಕ ದೊಡ್ಡ ಬರ ಬಿತ್ತು, ಈ ಸೀಮೆ ಬಹಳ ನೊಂದಿತು. ಅಂಥ ಕಾಲದಲ್ಲಿ, ಮಗ್ಗದ ಸದ್ದಿನ ನಡುವೆ, ಈ ನೆಲದಲ್ಲಿ ಕನ್ನಡದ ಪ್ರಾರ್ಥನೆ ಬೇರು ಬಿಟ್ಟಿತು. ಅದಕ್ಕೇ ಮಗ್ಗದ ಮಾತು ನಮಗೆ ಹೊರಗಿನದಲ್ಲ.

ಮಗ್ಗದಲ್ಲಿ ಎರಡು ಥರದ ನೂಲು. ಉದ್ದಕ್ಕೆ ಕಟ್ಟೋದು ಹಾಸು. ಅಡ್ಡಕ್ಕೆ ಲಾಳಿಯಲ್ಲಿ ಓಡಾಡೋದು ಹೊಕ್ಕು. 'ಹಾಸುಹೊಕ್ಕು' ಅಂತ ನಾವು ದಿನಾ ಬಳಸೋ ಮಾತು ಬಂದಿದ್ದೇ ಅಲ್ಲಿಂದ. ಹಾಸನ್ನು ಮೊದಲು ಕಟ್ಟಬೇಕು. ಪೂರ್ತಿ ಕಟ್ಟಿ, ಬಿಗಿ ಸರಿ ಮಾಡಿ, ಆಮೇಲೇ ಲಾಳಿ ಓಡೋದು. ನೇಯುವಾಗ ನೇಕಾರನ ಕೈ ಇರೋದು ಹೊಕ್ಕಿನ ಮೇಲೆ, ಕಣ್ಣೂ ಹೆಚ್ಚಾಗಿ ಅಲ್ಲೇ. ಹಾಸನ್ನು ಗಂಟೆಗೊಮ್ಮೆ ಹೊಸದಾಗಿ ಕಟ್ಟೋದಿಲ್ಲ. ಆದರೆ ಹಾಸಿಲ್ಲದೆ ಸಾವಿರ ಸಲ ಲಾಳಿ ಓಡಿಸಿದರೂ ಬಟ್ಟೆ ಆಗೋದಿಲ್ಲ, ಕೆಳಗೆ ಬಿದ್ದ ನೂಲಿನ ಗೊಂಜಲು ಆಗುತ್ತೆ.

ನಾವು ಎಡವೋದು ಇಲ್ಲೇ. ದೇವರನ್ನು ನಾವು ಹೊಕ್ಕು ಮಾಡಿಕೊಂಡೀವಿ. ದಿನದಲ್ಲಿ ಓಡಾಡೋ ನೂರು ಎಳೆಗಳಲ್ಲಿ ಇದೂ ಒಂದು ಎಳೆ. ಪುರುಸೊತ್ತು ಸಿಕ್ಕರೆ ಹಾಯಿಸ್ತೀವಿ, ಇಲ್ಲದಿದ್ದರೆ ನಾಳೆ. ದೇವರಿಗೆ ಮೊದಲ ಸ್ಥಾನ ಅಂದರೆ ದಿನದ ಪಟ್ಟಿಯಲ್ಲಿ ಒಂದನೇ ನಂಬರ್ ಕೊಟ್ಟು, ಟಿಕ್ ಹಾಕಿ, ಎರಡನೇದಕ್ಕೆ ಹೋಗೋದಲ್ಲ. ಆತ ಹಾಸು. ಎರಡನೇದು, ಮೂರನೇದು, ಹತ್ತನೇದು ಎಲ್ಲವೂ ಆತನ ಮೇಲೆ ಹಾದು ಹೋಗಬೇಕು.

ಇಳಕಲ್ ಸೀರೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕೈಮಗ್ಗದ ಇಳಕಲ್ ಸೀರೆಗೆ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈ ಹತ್ತಿಯದಿರಬಹುದು, ಸೆರಗು ರೇಷ್ಮೆಯದು. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸ್ತಾರೆ. ಒಂದು ಸೀರೆಗೆ ಒಂದು ಸಲ ಈ ಕೆಲಸ, ಇನ್ನೊಂದು ಸೀರೆಗೆ ಮತ್ತೆ ಮೊದಲಿಂದ. ಸಾವಿರಾರು ಎಳೆ, ಬಹಳ ತಾಳ್ಮೆ ಬೇಕು. ನಮ್ಮ ಭಾನುವಾರ ರೇಷ್ಮೆ ಸೆರಗಿನ ಹಾಗೆ, ಕೆಂಪಗೆ ಮಿಂಚುತ್ತೆ. ವಾರದ ದಿನಗಳು ಹತ್ತಿ ಮೈ. ಎರಡರ ನಡುವೆ ಕೊಂಡಿ ಬೀಳದಿದ್ದರೆ ಸೆರಗು ಎಷ್ಟೇ ಚೆಂದ ಇದ್ದರೂ ಅದು ಸೀರೆ ಅಲ್ಲ.

"ಅಕ್ಕಾ, ನಂದು ಭಾನುವಾರ ಡ್ಯೂಟಿ. ಅಂದ್ರ ದೇವರು ನನಗ ಎರಡನೇ ಸ್ಥಾನ ಆದಂಗ ಏನು?" ಅಂತ ಕೇಳೋರು ಬಹಳ ಜನ. ಆಸ್ಪತ್ರೆಯಲ್ಲಿ ನರ್ಸ್ ಇರೋರು, ಹೋಟೆಲಿನಲ್ಲಿ ದುಡಿಯೋರು, ಬಸ್ ಕಂಡಕ್ಟರ್ ಇರೋರು. ಅವರಿಗೆ ನಾನು ಹೇಳೋದು, ಕೆಲಸ ದೇವರ ವೈರಿ ಅಲ್ಲ. ಅಪೊಸ್ತಲನಾದ ಪೌಲ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಅನ್ನೋ ಗಂಡ-ಹೆಂಡತಿಯ ಮನೆಯಲ್ಲಿದ್ದು ಅವರ ಜೊತೆ ಡೇರೆ ಮಾಡೋ ಕಸುಬು ಮಾಡಿದ. ಆತನ ಕೈಯಲ್ಲೂ ಸೂಜಿ-ದಾರದ ಗುರುತು ಇದ್ದಿರಬೇಕು. ಬೇಥಾನ್ಯದ ಮಾರ್ಥಳಿಗೆ ಯೇಸು ಅಡುಗೆ ಮಾಡಬೇಡ ಅನ್ನಲಿಲ್ಲ. ಆಕೆ ಹಲವು ವಿಷಯಗಳ ನಡುವೆ ಹರಿದು ಹಂಚಿ ಹೋಗಿದ್ದನ್ನ ತೋರಿಸಿದರು. ಡ್ಯೂಟಿ ನಿಮ್ಮ ಕೈಯಲ್ಲಿಲ್ಲ, ಸರಿ. ಡ್ಯೂಟಿ ಮುಗಿದ ಮೇಲಿನ ಆ ಎರಡು ಗಂಟೆ ಯಾರ ಕೈಯಲ್ಲಿದೆ? ನನ್ನ ಪ್ರಶ್ನೆ ಅದು.

ಇನ್ನು ಒಂದು ನಿಜ ಸಂಗತಿ ಹೇಳ್ತೀನಿ. ಆ ತಂಗಿಯನ್ನ ಕೇಳಿಯೇ ಹೇಳ್ತಿದೀನಿ, ಹೆರು-ಹೆಸರು ಬೇಡ. ಆಕೆ ಒಂದು ಸೀರೆ ಅಂಗಡಿಯಲ್ಲಿ ಕೆಲಸ ಮಾಡ್ತಾಳೆ. ಅಲ್ಲಿ ಕೈಮಗ್ಗದ ಸೀರೆನೂ ಇವೆ, ಪವರ್‌ಲೂಮಿನವೂ ಇವೆ. ಪವರ್‌ಲೂಮಿನದು ತಪ್ಪಲ್ಲ, ಬೆಲೆ ಕಡಿಮೆ, ಎಷ್ಟೋ ಮನೆಗಳಿಗೆ ಅದೇ ಕೈಗೆಟುಕೋದು. ಆದರೆ ಹೊರಗಿನ ಗಿರಾಕಿ ಬಂದಾಗ ಅದನ್ನೇ ಕೈಮಗ್ಗದ್ದು ಅಂತ ಹೇಳಿ ಮಾರಬೇಕು ಅನ್ನೋದು ಅಲ್ಲಿಯ ಪದ್ಧತಿ. ಈ ತಂಗಿ ದಿನಾ ಬೆಳಿಗ್ಗೆ ಪ್ರಾರ್ಥನೆ ಮಾಡೇ ಹೋಗೋಳು. ಒಂದಿನ ಬಾದಾಮಿ ಗುಹೆ ನೋಡಿಕೊಂಡು ಬಂದಿದ್ದ ಒಬ್ಬ ಹೆಣ್ಣುಮಗಳು ಸೀರೆ ಕೈಯಲ್ಲಿ ಹಿಡಿದು, "ಇದು ಕೈಮಗ್ಗದ್ದಾ?" ಅಂತ ಕೇಳಿದರು.

ಬೆಳಿಗ್ಗೆ ಆರಕ್ಕೆ ದೇವರಿಗೆ ಮೊದಲ ಸ್ಥಾನ ಕೊಡೋದು ಅಷ್ಟು ಕಷ್ಟ ಅಲ್ಲ ಗೆಳೆಯರೇ. ಹನ್ನೊಂದು ಗಂಟೆಗೆ, ಕೌಂಟರಿನ ಮುಂದೆ, ಮಾಲೀಕರು ಕಿವಿ ಕೊಟ್ಟು ಕೂತಿರುವಾಗ ಕಷ್ಟ. ತಿಂಗಳ ಪಗಾರದ ಮೇಲೆ ಮನೆ ನಡೀತಿರುವಾಗ ಕಷ್ಟ. ಆಕೆ ಭಾಷಣ ಮಾಡಲಿಲ್ಲ. "ಇದು ಪವರ್‌ಲೂಮ್ ರೀ, ಕೈಮಗ್ಗದ್ದು ಆ ಕಪಾಟಿನ್ಯಾಗ ಐತಿ, ಅದಕ್ಕ ರೊಕ್ಕ ಜಾಸ್ತಿ" ಅಂದಳು. ಅಷ್ಟೇ. ಗಿರಾಕಿ ಏನೂ ಕೊಳ್ಳದೆ ಹೋದರು. ಮಾಲೀಕರು ಎರಡು ದಿನ ಆಕೆ ಜೊತೆ ಮಾತಾಡಲಿಲ್ಲ. ಕೆಲಸ ಸದ್ಯಕ್ಕೆ ಉಳಿದಿದೆ, ದೀಪಾವಳಿ ಸೀಸನ್ ಆದ ಮೇಲೆ ಉಳಿಯುತ್ತೋ ಇಲ್ಲೋ ಆಕೆಗೂ ಗೊತ್ತಿಲ್ಲ. ನಾನು ಇದಕ್ಕೆ ಸಿಹಿ ಮುಗಿತಾಯ ಹಾಕೋದಿಲ್ಲ. ದೇವರನ್ನ ಮೊದಲು ಇಟ್ಟರೆ ಎಲ್ಲ ಲಾಭ ಆಗುತ್ತೆ ಅಂತ ಹೇಳೋರು ಇದ್ದಾರೆ. ಯೇಸು ಹಾಗೆ ಹೇಳಲಿಲ್ಲ. ನಮ್ಮ ಅಗತ್ಯ ಏನು ಅನ್ನೋದು ತಂದೆಗೆ ಗೊತ್ತಿದೆ ಅಂದರು. ಆ ಎರಡು ಮಾತಿಗೆ ಬಹಳ ವ್ಯತ್ಯಾಸ ಇದೆ.

ಆ ಗಳಿಗೆಗೆ ಬೇಕಾದ ಧೈರ್ಯ ಆ ಗಳಿಗೆಯಲ್ಲಿ ಹುಟ್ಟೋದಿಲ್ಲ. ದಾನಿಯೇಲನನ್ನ ನೋಡ್ರಿ. 30 ದಿನ ರಾಜನನ್ನ ಬಿಟ್ಟು ಯಾರನ್ನೂ ಬೇಡಿಕೊಳ್ಳಬಾರದು ಅಂತ ಆಜ್ಞೆ ಆದಾಗ, ಆತ ಮನೆಗೆ ಹೋಗಿ ಮೊದಲು ಮಾಡ್ತಿದ್ದ ಹಾಗೇ ದಿನಕ್ಕೆ ಮೂರು ಸಲ ಮೊಣಕಾಲೂರಿದ. ಹೊಸದಾಗಿ ಏನೂ ಮಾಡಲಿಲ್ಲ. ಸಿಂಹದ ಗವಿಯ ಮಾತು ಬರೋ ಮೊದಲೇ ಆತನ ಹಾಸು ಕಟ್ಟಿ ಆಗಿತ್ತು.

ಯೇಸುವಿನ ಒಂದು ಬೆಳಗನ್ನೂ ನೆನೆಯೋಣ. ಮಾರ್ಕನ ಮೊದಲ ಅಧ್ಯಾಯ. ಹಿಂದಿನ ಸಂಜೆ ಕಪೆರ್ನೌಮ್ ಊರಿಗೆ ಊರೇ ಬಾಗಿಲಿಗೆ ಬಂದಿತ್ತು. ಎಷ್ಟೋ ರೋಗಿಗಳು ಗುಣ ಆಗಿದ್ದರು. ಈಗಿನ ಭಾಷೆಯಲ್ಲಿ ಹೇಳಬೇಕಂದ್ರೆ ರಾತ್ರೋರಾತ್ರಿ ವೈರಲ್. ಮರುದಿನ ಇನ್ನೂ ಕತ್ತಲಿರುವಾಗಲೇ ಆತ ಎದ್ದು ಜನ ಇಲ್ಲದ ಜಾಗಕ್ಕೆ ಹೋಗಿ ಪ್ರಾರ್ಥನೆ ಮಾಡಿದರು. ಸೀಮೋನ ಹುಡುಕಿಕೊಂಡು ಬಂದು, ಎಲ್ಲರೂ ನಿಮ್ಮನ್ನೇ ಕೇಳ್ತಿದ್ದಾರೆ ಅಂತ ತಿಳಿಸಿದ. ನಮ್ಮ ಫೋನ್ ನಮಗೆ ದಿನಾ ಹೇಳೋದೂ ಅದೇ ಅಲ್ಲೇನ್ರಿ? ಎಲ್ಲರೂ ಕೇಳ್ತಿದ್ದಾರೆ, ಬೇಗ ಬಾ. ಯೇಸು ಏನು ಮಾಡಿದರು? ವಾಪಸ್ ಆ ಗುಂಪಿಗೆ ಹೋಗದೆ, ಪಕ್ಕದ ಊರುಗಳಿಗೆ ಹೋಗೋಣ ಅಂದರು. ಯಾವುದಕ್ಕೆ ಹೂಂ ಅನ್ನಬೇಕು, ಯಾವುದಕ್ಕೆ ಊಹೂಂ ಅನ್ನಬೇಕು ಅನ್ನೋದು ಆ ಕತ್ತಲಲ್ಲೇ ತೀರ್ಮಾನ ಆಗಿತ್ತು. ಜನ ಕರೆಯೋ ಮೊದಲು ತಂದೆಯ ಮಾತು ಕೇಳಿದವರಿಗೆ ಮಾತ್ರ ಹಾಗೆ ಬರುತ್ತೆ.

ಬಿಡೋ ವಿಷಯಕ್ಕೆ ಬರೋಣ. ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿ ಅವರು 1975ರಿಂದ ನಡೆಸಿದ 'ಮಹಾಂತ ಜೋಳಿಗೆ' ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಜೋಳಿಗೆ ಅಂದರೆ ಜೋಳ, ಅಕ್ಕಿ, ರೊಕ್ಕ ಹಾಕಿಸಿಕೊಳ್ಳೋದು. ಅವರು ಮನೆ ಮನೆಗೆ ಹೋಗಿ, ನಿಮ್ಮ ದುಶ್ಚಟ ಇದರಲ್ಲಿ ಹಾಕಿ ಅಂತ ಜೋಳಿಗೆ ಹಿಡಿದರು. 2018ರಲ್ಲಿ ಅವರು ತೀರಿಕೊಂಡರು. ಅವರ ಹುಟ್ಟಿದ ದಿನ ಆಗಸ್ಟ್ 1ನ್ನು ನಮ್ಮ ರಾಜ್ಯ ವ್ಯಸನಮುಕ್ತ ದಿನ ಅಂತ ಆಚರಿಸುತ್ತೆ. ಅವರ ಧರ್ಮ ಬೇರೆ, ನಮ್ಮದು ಬೇರೆ. ಆದರೆ ಕಲಿಯೋದಕ್ಕೆ ಬೇಲಿ ಯಾಕೆ? ಅವರು "ಒಳ್ಳೆಯವರಾಗಿ" ಅಂತ ಹೇಳಿ ಮುಂದೆ ಹೋಗಲಿಲ್ಲ. ಬಿಡೋ ವಸ್ತುವಿನ ಹೆಸರು ಹೇಳಿಸಿದರು, ಇನ್ನೊಬ್ಬರ ಮುಂದೆ, ಕೈಯಿಂದ ಬಿಡಿಸಿದರು.

ನಾವು ಪ್ರಾರ್ಥನೆಯಲ್ಲಿ "ಕರ್ತನೇ, ನನ್ನ ಬಲಹೀನತೆಗಳನ್ನು ತೆಗೆ" ಅಂತ ದೊಡ್ಡದಾಗಿ ಹೇಳ್ತೀವಿ, ಹೆಸರು ಮಾತ್ರ ಹೇಳೋದಿಲ್ಲ. ಹೆಸರು ಹೇಳ್ರಿ. ರಾತ್ರಿ ಹನ್ನೊಂದರ ನಂತರದ ರೀಲು. ಐಪಿಎಲ್ ಬೆಟ್ಟಿಂಗು. ಲೋನ್ ಆ್ಯಪು. ಯಾರದೋ ಪ್ರೊಫೈಲನ್ನ ದಿನಕ್ಕೆ ಹತ್ತು ಸಲ ನೋಡೋದು. ಮತ್ತೆ ಇನ್ನೊಂದು ಎಚ್ಚರ. 2025ರ ಆಗಸ್ಟ್‌ನಲ್ಲಿ ರೊಕ್ಕ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾನೂನು ದೇಶಕ್ಕೆ ಬಂತು. ಒಳ್ಳೇದೇ ಆಯಿತು. ಆದರೆ ಕಾನೂನು ಆ್ಯಪ್ ಮುಚ್ಚಿಸಬಹುದು, ಆ ಆ್ಯಪ್ ತಿಂತಿದ್ದ ಎರಡು ಗಂಟೆಗೆ ಏನು ತುಂಬಬೇಕು ಅಂತ ಹೇಳೋದಿಲ್ಲ. ಯೇಸು ಹೇಳಿದ ಖಾಲಿ ಮನೆಯ ಸಾಮ್ಯ ನೆನಪಿದೆಯಲ್ಲ? ಗುಡಿಸಿ, ಸಾರಿಸಿ, ಖಾಲಿ ಬಿಟ್ಟ ಮನೆಗೆ ಹೋದ ದೆವ್ವ ತನ್ನ ಜೊತೆ ಇನ್ನೂ ಏಳು ದೆವ್ವಗಳನ್ನ ಕರಕೊಂಡು ಬಂದು ಕೂತಿತು. ಬಿಟ್ಟ ಜಾಗದಲ್ಲಿ ದೇವರನ್ನ ಕೂಡಿಸದಿದ್ದರೆ, ರೀಲು ಬಿಟ್ಟವರು ಗೇಮ್ ಹಿಡೀತಾರೆ, ಗೇಮ್ ಬಿಟ್ಟವರು ಮತ್ತೊಂದು ಹಿಡೀತಾರೆ.

ಹಾಗಾಗಿ ಈ ವಾರಕ್ಕೆ ಮೂರೇ ಮೂರು ಕೆಲಸ.

ಒಂದು. ಫೋನ್ ಮುಟ್ಟೋ ಮೊದಲು ಹತ್ತು ನಿಮಿಷ. ಒಂದು ಗಂಟೆ ಅಂತ ಹಟ ಬೇಡ, ಮೂರನೇ ದಿನಕ್ಕೇ ನಿಂತು ಹೋಗುತ್ತೆ. ಅಲಾರಾಂಗೆ ಒಂದು ಸಾದಾ ಗಡಿಯಾರ ತೊಗೊಳ್ರಿ, ಓದೋಕೆ ಕಾಗದದ ಸತ್ಯವೇದ ತೊಗೊಳ್ರಿ. ಅರಣ್ಯದಲ್ಲಿ ಇಸ್ರಾಯೇಲರು ಮನ್ನವನ್ನ ದಿನಾ ಬೆಳಿಗ್ಗೆ ಆ ದಿನಕ್ಕೆ ಬೇಕಾದಷ್ಟೇ ಕೂಡಿಸಿಕೊಳ್ಳಬೇಕಿತ್ತು, ನಾಳೆಗೆ ಅಂತ ಇಟ್ಟರೆ ಹುಳ ಬೀಳ್ತಿತ್ತು. ನಿಮ್ಮ ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿನ ಹಾಗೇ, ನಿನ್ನೆಯದು ಇವತ್ತಿಗೆ ಬರೋದಿಲ್ಲ. ಕಳೆದ ವರ್ಷದ ಯುವಜನರ ಕ್ಯಾಂಪಿನ ಉತ್ಸಾಹದಲ್ಲಿ ಈ ಸೋಮವಾರ ನಡೆಯೋದಿಲ್ಲ.

ಎರಡು. ಬಿಡಬೇಕಾದ ಒಂದರ ಹೆಸರನ್ನ ಒಬ್ಬರ ಮುಂದೆ ಹೇಳ್ರಿ. ಸಭಾಪಾಲಕರಿರಬಹುದು, ಫಾದರ್ ಇರಬಹುದು, ಗಟ್ಟಿ ಮನಸ್ಸಿನ ಗೆಳತಿ ಇರಬಹುದು. ಆ ಹೊತ್ತಿಗೆ ಬೇರೆ ಏನು ಮಾಡ್ತೀರಿ ಅನ್ನೋದನ್ನೂ ಅಲ್ಲೇ ತೀರ್ಮಾನ ಮಾಡ್ರಿ.

ಮೂರು. ದಿನದಲ್ಲಿ ನಿಮ್ಮ 'ಕೌಂಟರ್' ಎಲ್ಲಿದೆ ಅಂತ ಗುರುತು ಹಾಕಿಕೊಳ್ರಿ. ಸುಳ್ಳು ಹೇಳೋದು ಸಲೀಸಾಗಿರೋ ಜಾಗ. ಪರೀಕ್ಷಾ ಕೊಠಡಿ, ಬಿಲ್ ಬರೆಯೋ ಟೇಬಲ್, ಹಾಜರಿ ಪುಸ್ತಕ, ಮನೆಯಲ್ಲಿ ಅವ್ವನ ಮುಂದೆ. ಬೆಳಗಿನ ಹತ್ತು ನಿಮಿಷದಲ್ಲಿ ಆ ಜಾಗದ ಹೆಸರು ಹೇಳಿ ಪ್ರಾರ್ಥನೆ ಮಾಡ್ರಿ. ಕೊಂಡಿ ಬೀಳೋದು ಅಲ್ಲೇ.

ನಡುವೆ ಒಂದು ದಿನ ತಪ್ಪಿದರೆ ವಾರ ಕೆಟ್ಟಿತು ಅಂತ ಬಿಡಬೇಡ್ರಿ. ಎಳೆ ಹರಿದರೆ ನೇಕಾರ ಮಗ್ಗ ಸುಟ್ಟು ಹೋಗೋದಿಲ್ಲ. ಲಾಳಿ ನಿಲ್ಲಿಸಿ, ಹರಿದ ಎಳೆ ಹುಡುಕಿ, ಗಂಟು ಹಾಕಿ, ಮತ್ತೆ ಕಾಲು ಒತ್ತುತ್ತಾನೆ.

ಕೊನೆಗೆ ಒಂದು ಚಿಕ್ಕ ಪ್ರಾರ್ಥನೆ. ನಡೆಯುತ್ತಿರೋರು ನಡೆಯುತ್ತಲೇ ಇರ್ರಿ, ಗಾಡಿ ಓಡಿಸ್ತಿರೋರು ಕಣ್ಣು ತೆರೆದೇ ಇರ್ರಿ.

ತಂದೆಯೇ, ಈ ದಿನ ನಮ್ಮ ಕೈಗೆ ಕೊಟ್ಟದ್ದಕ್ಕೆ ಸ್ತೋತ್ರ. ನಮ್ಮ ಕೆಲಸವನ್ನ, ಓದನ್ನ, ಸಾಲವನ್ನ, ಮನೆಯವರನ್ನ ನೀನು ಬಲ್ಲೆ. ಎಲ್ಲಕ್ಕೂ ಮೊದಲು ನೀನಿರು. ಹನ್ನೊಂದು ಗಂಟೆಗೆ ನಮ್ಮನ್ನ ಯಾರಾದರೂ ಪ್ರಶ್ನೆ ಕೇಳಿದಾಗ ನಿಜ ಹೇಳೋ ಧೈರ್ಯ ಕೊಡು. ಕೆಲಸದ ಜಾಗದಲ್ಲಿ ಒಬ್ಬಂಟಿಯಾಗಿ ನಿಂತಿರೋ ನಮ್ಮ ತಂಗಿ-ತಮ್ಮಂದಿರ ಜೊತೆ ನಿಲ್ಲು. ಯೇಸುವಿನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.

ಇದನ್ನ ಕೇಳಿ ಮುಗಿಸಿದ ಮೇಲೆ ಮುಂದಿನ ಎಪಿಸೋಡ್ ತಾನಾಗೇ ಶುರು ಆಗುತ್ತೆ. ಅದನ್ನ ಐದು ನಿಮಿಷ ನಿಲ್ಲಿಸಿಡ್ರಿ. ಮುಂದಿನ ವಾರ ಸಿಗೋಣ.